ರಾಜ್‌ಕುಮಾರ್ ತಮಿಳರಾಗಿದ್ದರೇ? ಒಂದು ಸ್ಪಷ್ಟನೆ

"ಡಾ. ರಾಜ್‌ಕುಮಾರ್ ಮೂಲತಃ ತಮಿಳರು, ಸಿನಿಮಾಕ್ಕೆ ಬಂದ ಮೇಲೆ ಕನ್ನಡ ಕಲಿತರು" ಎಂಬ ಮಾತು ಓಡಾಡುತ್ತಿದೆ. ಇದು ತಪ್ಪು.

ಅವರು 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ ಹುಟ್ಟಿದರು. ಆ ಊರು ಈಗ ತಮಿಳುನಾಡಿನಲ್ಲಿದೆ, ನಿಜ. ಗೊಂದಲ ಶುರುವಾಗುವುದೇ ಇಲ್ಲಿ. ಆಗ ಈಗಿನ ರಾಜ್ಯಗಳೇ ಇರಲಿಲ್ಲ. ಗಾಜನೂರು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಮ್ಮ ಕೊಳ್ಳೇಗಾಲವೂ ಅದೇ ಜಿಲ್ಲೆಯಲ್ಲಿತ್ತು, 1956ರಲ್ಲಷ್ಟೇ ಮೈಸೂರು ರಾಜ್ಯಕ್ಕೆ ಬಂತು. ಗಡಿ ಗೆರೆ ಎಳೆದದ್ದು ಆಮೇಲೆ, ಅಲ್ವಾ? ಗಾಜನೂರಿನ ಸುತ್ತಮುತ್ತ ಇವತ್ತಿಗೂ ಕನ್ನಡ ಮಾತಾಡುವವರು ಜಾಸ್ತಿ.

ಅವರ ಮೊದಲ ಹೆಸರು ಮುತ್ತುರಾಜ್. ಇದನ್ನೇ ಹಿಡಿದು ತಮಿಳು ಹೆಸರು ಎನ್ನುವವರಿದ್ದಾರೆ. ಆ ಭಾಗದ ಕನ್ನಡ ಮನೆಗಳಲ್ಲಿ ಮುತ್ತಣ್ಣ, ಮುತ್ತಮ್ಮ ಎಲ್ಲ ಸಹಜ ಹೆಸರುಗಳೇ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ತಾಯಿ ಲಕ್ಷ್ಮಮ್ಮ. ತಂದೆ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಹೆಸರಾದ ಕನ್ನಡ ನಟ. ಮಗನೂ ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಕಂಪನಿ ಸೇರಿದರು. ಅವರ ಅಚ್ಚ ಕನ್ನಡ ಪಳಗಿದ್ದು ಆ ರಂಗದ ಮೇಲೆ. 1954ರ 'ಬೇಡರ ಕಣ್ಣಪ್ಪ' ಬರುವುದಕ್ಕೂ ಎಷ್ಟೋ ವರ್ಷ ಮೊದಲು.