ಟೈಮ್ ಬದಲಾದ ವಾರವೇ ಟಿಆರ್‌ಪಿ ಗೊತ್ತಾಗಲ್ಲ

‘ಸೋಮವಾರ ಸೀರಿಯಲ್ ಟೈಮ್ ಬದಲಾಯಿಸಿದರು, ಗುರುವಾರವೇ ಟಿಆರ್‌ಪಿ ಬಿತ್ತು, ಜನ ತಿರಸ್ಕರಿಸಿದರು’ ಅಂತ ಒಂದು ಮೆಸೇಜ್ ಓಡಾಡುತ್ತಿದೆಯಲ್ಲ, ಅದು ತಪ್ಪು. ಟಿಆರ್‌ಪಿ (ಟಿವಿಯಲ್ಲಿ ಎಷ್ಟು ಜನ ನೋಡಿದರು ಎಂಬ ಅಂಕಿ) ಅಳೆಯುವ ಸಂಸ್ಥೆ ಬಾರ್ಕ್‌ನ ಲೆಕ್ಕದ ವಾರ ಶನಿವಾರ ಶುರುವಾಗಿ ಶುಕ್ರವಾರ ಮುಗಿಯುತ್ತದೆ, ಅಂಕಿ ಬರುವುದು ಅದರ ಮುಂದಿನ ಗುರುವಾರ. ಅಂದರೆ ನೀವು ನೋಡಿದ್ದು ಹಳೇ ಟೈಮಿನ ಅಂಕಿ!

ಒಂಬತ್ತರ ಸೀರಿಯಲ್ಲನ್ನು ಹತ್ತೂವರೆಗೆ ತಳ್ಳಿದರೆ ಅಂಕಿ ಇಳಿಯಬಹುದು, ನಿಜ. ಆದರೆ ಅಷ್ಟೊತ್ತಿಗೆ ಎಷ್ಟೋ ಮನೆಗಳಲ್ಲಿ ಟಿವಿಯೇ ಆಫ್ ಆಗಿರುತ್ತದೆ. ಕಥೆಯ ತಪ್ಪಲ್ಲ ಅಲ್ವಾ? ಹೋಲಿಸುವುದಾದರೆ ಹತ್ತೂವರೆಗೆ ಬರುವ ಬೇರೆ ಚಾನೆಲ್‌ಗಳ ಜೊತೆ ಹೋಲಿಸಿ. ಇನ್ನು, ಮಲಗಿಕೊಂಡು ಮೊಬೈಲ್ ಆ್ಯಪ್‌ನಲ್ಲಿ ನೋಡುವವರು (ನಾನೂ ಅದರಲ್ಲೊಬ್ಬ) ಟಿಆರ್‌ಪಿ ಲೆಕ್ಕಕ್ಕೇ ಬರುವುದಿಲ್ಲ, ಅದು ಟಿವಿಗೆ ಮೀಟರ್ ಹಾಕಿರುವ ಮನೆಗಳ ಲೆಕ್ಕ.