ಉಜ್ಜೋದಾ, ಮುಟ್ಟಿಸೋದಾ?

ಕಾರ್ಡು ಯಾವುದೆಂದು ತಿಳಿಯಲು ಪಕ್ಕದ ಕ್ರಿಯಾಪದ ನೋಡಿದರೆ ಸಾಕು. ಕಾರ್ಡು ಬರೆದರೆ ಅದು ಅಂಚೆಯದು: 1879ರಲ್ಲಿ ಕಾಲಾಣೆಗೆ ಶುರುವಾಗಿ ಐವತ್ತು ಪೈಸೆಗೆ ನಿಂತಿದ್ದು. ಹಂಚಿದರೆ ಮದುವೆಯದು, ಮೂಲೆಗಳಿಗೆ ಅರಿಸಿನ ಬಿದ್ದಿರಬೇಕು. ಮಾಡಿಸಿದರೆ ರೇಷನ್ನಿನದು. ತೋರಿಸಿದರೆ ಫುಟ್‌ಬಾಲ್ ರೆಫ್ರಿಯದು, ಎರಡು ಹಳದಿಗೆ ಒಂದು ಕೆಂಪು. ಪ್ಯಾನು, ಆಧಾರುಗಳ ಪಾಲಿಗೆ ಬಂದಿರುವುದು 'ಝೆರಾಕ್ಸ್ ಮಾಡಿಸು' ಒಂದೇ. ಇಸ್ಪೀಟಿನದು ಮಾತ್ರ ಕಾರ್ಡೇ ಅಲ್ಲ, ಎಲೆ. ಅದನ್ನು ಕಲೆಸುತ್ತಾರೆ.

ಬ್ಯಾಂಕಿನ ಕಾರ್ಡಿಗೆ ಮಾತ್ರ ಮೂರು: ಉಜ್ಜು, ತೂರಿಸು, ಮುಟ್ಟಿಸು. ಯಂತ್ರ ಬದಲಾದರೂ ಅಂಗಡಿಯವರ ಬಾಯಲ್ಲಿ ಇನ್ನೂ 'ಉಜ್ಜಿ'ಯೇ. ಉಜ್ಜುವ ಕಾಲದಲ್ಲಿ ಗುಟ್ಟೆಲ್ಲ ಹಿಂಬದಿಯ ಕಪ್ಪು ಪಟ್ಟಿಯಲ್ಲಿತ್ತು. ಅದಕ್ಕೆ ಗೀರು ಬಿದ್ದರೆ, ಪರ್ಸಿನ ಅಯಸ್ಕಾಂತದ ಗುಂಡಿ ತಗುಲಿದರೆ ಯಂತ್ರ ಓದದೇ ಹೋಗಬಹುದು. ಕಳ್ಳನಿಗೆ ನಕಲು ಮಾಡುವುದೂ ಸಲೀಸು. ತೂರಿಸುವ ಕಾರ್ಡಿನ ಚಿಪ್ಪು ಹಾಗಲ್ಲ, ಪ್ರತಿ ವ್ಯವಹಾರಕ್ಕೂ ಹೊಸ ಸಂಕೇತ ಕಟ್ಟಿ ಕೊಡುತ್ತದೆ. ಅದಕ್ಕೇ ಕಾರ್ಡು ಕೊನೆವರೆಗೂ ಒಳಗಿರಬೇಕು. ಅವಸರಕ್ಕೆ ಎಳೆದಿರೋ, ಮತ್ತೆ ಮೊದಲಿಂದ. ಚಿನ್ನದ ಬಣ್ಣದ ಆ ಚೌಕದ ಮೇಲೆ ಬೆವರು ಕೊಳೆ ಕೂತಿದ್ದರೆ ಮೆತ್ತನೆಯ ಒಣಬಟ್ಟೆಯಲ್ಲಿ ಒರೆಸಿ, ಸೀರೆಗೋ ಪ್ಯಾಂಟಿಗೋ ತಿಕ್ಕಬೇಡಿ.

ಮುಟ್ಟಿಸುವುದಕ್ಕೆ 5000 ರೂಪಾಯಿವರೆಗೆ ಪಿನ್ ಬೇಡ. ಇಂಥ ಕಾರ್ಡಿನೊಳಗೆ ಅಂಚಿನ ಸುತ್ತ ಕೂದಲಿನಷ್ಟು ತೆಳ್ಳಗಿನ ತಂತಿ ಸುತ್ತಿರುತ್ತದೆ. ಯಂತ್ರದಿಂದ ಶಕ್ತಿ ಪಡೆಯುವುದೂ ಅದೇ, ಮಾತಾಡುವುದೂ ಅದೇ. ಆಫೀಸಿನ ಬಾಗಿಲು ತೆಗೆಯುವ ಐಡಿ ಕಾರ್ಡಿಗೆ ಕೊರಳ ದಾರ ಹಾಕಲು ಸಿಕ್ಕಲ್ಲಿ ತೂತು ಹೊಡೆದರೆ ಈ ತಂತಿ ತುಂಡಾಗುತ್ತದೆ. ನೋಡಲು ಕಾರ್ಡು ಹೊಚ್ಚಹೊಸದು, ಬಾಗಿಲು ಮಾತ್ರ ಕದಲದು. ಅದರ ಬದಲು ಹತ್ತು ರೂಪಾಯಿಯ ಪ್ಲಾಸ್ಟಿಕ್ ಕವಚಕ್ಕೆ ದಾರ ಕಟ್ಟುವುದು ಜಾಣತನ. ಮುಟ್ಟಿಸುವ ಕಾರ್ಡು ಎರಡಿರುವ ಪರ್ಸನ್ನು ಇಡಿಯಾಗಿ ಒತ್ತಿದರೂ ಯಂತ್ರಕ್ಕೆ ತಬ್ಬಿಬ್ಬು. ಬೇಕಾದ್ದೊಂದನ್ನು ಹೊರಗೆ ತೆಗೆಯಬೇಕು.

ಅವಧಿ ಮುಗಿದ ಬ್ಯಾಂಕ್ ಕಾರ್ಡಿಗೆ ಎರಡು ಕ್ರಿಯಾಪದ ಬಾಕಿ ಇವೆ. ಮೊದಲನೆಯದು ಕತ್ತರಿಸು: ಚಿಪ್ಪಿನ ನಡುವೆಯೇ ಕತ್ತರಿ ಹಾಯಿಸಿ, ಕಪ್ಪು ಪಟ್ಟಿಯನ್ನೂ ತುಂಡರಿಸಿ, ಅಂಕಿಗಳನ್ನೂ ಹಿಂದಿರುವ ಗುಟ್ಟಿನ ಸಂಖ್ಯೆ ಸಿವಿವಿಯನ್ನೂ ಕೆರೆದು ಅಳಿಸಬೇಕು. ಎರಡನೆಯದು ಎಬ್ಬಿಸು. 0.76 ಮಿಲಿಮೀಟರ್ ದಪ್ಪದ ಈ ಪ್ಲಾಸ್ಟಿಕ್ಕು ಮುರಿಯದಷ್ಟು ಬಾಗುತ್ತದೆ, ಸ್ಟೀಲಿಗೆ ಗೀರುವಷ್ಟು ಗಟ್ಟಿಯಲ್ಲ. ಹೊಸ ಪಾತ್ರೆಯ ಸ್ಟಿಕ್ಕರನ್ನು ಉಗುರಿನಲ್ಲಿ ಕಿತ್ತರೆ ಅರ್ಧ ಬಂದು ಅರ್ಧ ಕೂತಿರುತ್ತದಲ್ಲ, ಅದರ ಮೇಲೆ ಕೊಬ್ಬರಿ ಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು, ಕತ್ತರಿಸಿ ಉಳಿದ ಕಾರ್ಡಿನ ತುಂಡಿನ ನೆಟ್ಟಗಿನ ಅಂಚನ್ನು ಓರೆಯಾಗಿ ಹಿಡಿದು ತಳ್ಳಿ. ಕಾಗದ ಸುರುಳಿಯಾಗಿ ಬರುತ್ತದೆ. ಅಂಟು ಇನ್ನೂ ಜಿಗುಟಾಗಿದ್ದರೆ ಇನ್ನೊಂದು ಹನಿ ಎಣ್ಣೆ.