ಲೆಕ್ಕ ಮರಳಿ ಬರುವುದು ಎಷ್ಟು ಹೊತ್ತಿಗೆ?

ಮಲೆನಾಡಿನ ಅಡಿಕೆ ಮಂಡಿ, ಗೊಬ್ಬರದ ಅಂಗಡಿ, ಹಾರ್ಡ್‌ವೇರ್ ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕಸುಬು. ಮಾಲೀಕರು ಬ್ಯಾಕಪ್, ಅಂದರೆ ಕಂಪ್ಯೂಟರ್ ಕೆಟ್ಟರೂ ಉಳಿಯುವಂತೆ ಬೇರೆಡೆ ಇಡುವ ಲೆಕ್ಕದ ನಕಲಿನ ಮಾತು ತೆಗೆದರೆ ಕೇಳುವುದು ಎರಡೇ: “ಯಾವ ಕಂಪನಿಯದು ಒಳ್ಳೆಯದು? ಎಷ್ಟಾಗುತ್ತದೆ?” ಇವೆರಡನ್ನೂ ಕೊನೆಗೆ ಕೇಳಿದರೆ ಸಾಕು. ಅದಕ್ಕೂ ಮೊದಲು ಅವರೇ ಉತ್ತರಿಸಬೇಕಾದದ್ದು ಇದೆ. ಮಾಲು ಬಂದು ಬೀಳುವ ದಿನ ಕಂಪ್ಯೂಟರ್ ಸತ್ತರೆ, ಲೆಕ್ಕವಿಲ್ಲದೆ ಎಷ್ಟು ಹೊತ್ತು ವ್ಯಾಪಾರ ನಡೆಸಬಲ್ಲಿರಿ? ಎಷ್ಟು ದಿನದ ವೋಚರುಗಳನ್ನು ಬಿಲ್ ಪುಸ್ತಕ ನೋಡಿಕೊಂಡು ಮತ್ತೆ ಟೈಪು ಮಾಡಲು ನಿಮ್ಮ ಗುಮಾಸ್ತರಿಂದ ಸಾಧ್ಯ? ದಿನಕ್ಕೆ ನಾಲ್ಕಾರು ಬಿಲ್ ಹಾಕುವ ಅಂಗಡಿಗೆ ವಾರಕ್ಕೊಂದು ನಕಲು ಸಾಕಾದೀತು. ರೈತರಿಗೆ ಮುಂಗಡ ಕೊಟ್ಟು, ಬಾಕಿ ಬರೆದುಕೊಂಡು ನಡೆಯುವ ಮಂಡಿಗೆ ಪ್ರತಿ ಸಂಜೆಯೂ ಬೇಕು. ಯಾವ ವ್ಯವಸ್ಥೆ ಕೊಳ್ಳಬೇಕು ಎಂಬುದು ಬಹುಮಟ್ಟಿಗೆ ಇಲ್ಲಿಯೇ ತೀರ್ಮಾನವಾಗುತ್ತದೆ.

“ನಮ್ಮಲ್ಲಿ ಬ್ಯಾಕಪ್ ಇದೆಯಲ್ಲ” ಎನ್ನುವವರ ಕಂಪ್ಯೂಟರ್ ತೆರೆದರೆ ಸಾಮಾನ್ಯವಾಗಿ ಸಿಗುವುದು ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿಯದೊಂದು ನಕಲು, ಅದೂ ಅದೇ ಕಂಪ್ಯೂಟರಿನ ಡಿ ಡ್ರೈವಿನಲ್ಲಿ. ಸಿ, ಡಿ ಎಂಬುದು ಹೆಚ್ಚಿನ ಕಡೆ ಒಂದೇ ಬೀರುವಿನ ಮೇಲಿನ ಖಾನೆ, ಕೆಳಗಿನ ಖಾನೆ. ಡಿಸ್ಕ್ ಹೋದರೆ ಎರಡೂ ಹೋಗುತ್ತವೆ. ಇನ್ನು ಕೆಲವರಿಗೆ ಲೆಕ್ಕಪರಿಶೋಧಕರ ಬಳಿ ಇರುವ ಪ್ರತಿಯ ಮೇಲೆ ಭಾರೀ ನಂಬಿಕೆ. ಅದು ಕಳೆದ ಮಾರ್ಚ್‌ವರೆಗಿನ ಲೆಕ್ಕ. ಈಗಿನ ಬಾಕಿ ಯಾರದೆಷ್ಟು ಎಂದು ಅದು ಹೇಳುವುದಿಲ್ಲ.

ಮೂರನೆಯ ಗುಂಪು ಇಂಟರ್ನೆಟ್ಟಿನಲ್ಲಿ ಕಡತ ಇಡುವ ಗೂಗಲ್ ಡ್ರೈವ್ ಅಥವಾ ಒನ್‌ಡ್ರೈವ್‌ಗೆ ಫೋಲ್ಡರ್ ಜೋಡಿಸಿ ನಿಶ್ಚಿಂತರಾದವರದು. ಇಲ್ಲಿ ಸ್ವಲ್ಪ ನಿಲ್ಲಬೇಕು. ಇವು ಮಾಡುವುದು ಸಿಂಕ್, ಅಂದರೆ ಇಲ್ಲಿ ಆದದ್ದನ್ನು ಅಲ್ಲಿಯೂ ಮಾಡುವುದು. ಇಲ್ಲಿ ಕಡತ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ ಅದು ಇರುವುದು 30 ದಿನ ಮಾತ್ರ. ಏಪ್ರಿಲ್‌ನಲ್ಲಿ ಅಳಿದುಹೋದದ್ದು ರಿಟರ್ನ್ ಸಲ್ಲಿಸುವಾಗ ಜೂನ್‌ನಲ್ಲಿ ಗಮನಕ್ಕೆ ಬಂದರೆ ಏನು ಮಾಡುವಿರಿ? ಮೇಲಾಗಿ ಟ್ಯಾಲಿ ತೆರೆದಿರುವಾಗಲೇ ಅದರ ಡೇಟಾ ಫೋಲ್ಡರನ್ನು ಸಿಂಕ್‌ಗೆ ಬಿಟ್ಟರೆ ಲೆಕ್ಕವೇ ಕೆಡುವ ಅಪಾಯವಿದೆ. ಟ್ಯಾಲಿಯೊಳಗಿನ ಬ್ಯಾಕಪ್ ಆಯ್ಕೆಯಿಂದ ತೆಗೆದ ಕಡತವನ್ನು, ದಿನಾಂಕದ ಹೆಸರಿನ ಬೇರೆ ಬೇರೆ ಫೋಲ್ಡರುಗಳಲ್ಲಿಟ್ಟು ಆ ಡ್ರೈವ್‌ಗೆ ಕಳಿಸಿದರೆ ಆಗ ಅದು ಬ್ಯಾಕಪ್. ಜಾಗದ ಚಿಂತೆ ಬೇಡ; ಸಣ್ಣ ಅಂಗಡಿಯ ಲೆಕ್ಕಕ್ಕೆ ಗೂಗಲ್ ಪುಕ್ಕಟೆ ಕೊಡುವ 15 ಜಿಬಿಯೇ ಹೆಚ್ಚು.

ಹೊರಗಿನ ಹಾರ್ಡ್ ಡಿಸ್ಕ್ ಬಗ್ಗೆ ನನಗೆ ಅಸಮಾಧಾನವಿಲ್ಲ, ಅದನ್ನು ಸದಾ ಚುಚ್ಚಿಟ್ಟುಕೊಳ್ಳುವವರ ಬಗ್ಗೆ ಇದೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಜಗತ್ತಿನ ಕಂಪ್ಯೂಟರುಗಳಿಗೆ ಬೀಗ ಜಡಿದು ಹಣ ಕೇಳಿದ್ದು ನೆನಪಿರಬಹುದು. ಆ ಜಾತಿಯ ತಂತ್ರಾಂಶಗಳು ಜೋಡಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ, ನೆಟ್‌ವರ್ಕಿನಲ್ಲಿ ಹಂಚಿಟ್ಟ ಫೋಲ್ಡರನ್ನೂ ಬಿಡುವುದಿಲ್ಲ. ಅಷ್ಟು ದೂರ ಹೋಗುವುದೂ ಬೇಡ, ನಮ್ಮಲ್ಲಿ ಮುಂಗಾರಿನ ಮೊದಲ ಸಿಡಿಲೇ ಸಾಕು. ಎರಡು ಡಿಸ್ಕ್ ಕೊಳ್ಳಿ. ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ, ವಾರಕ್ಕೊಮ್ಮೆ ಅದಲು ಬದಲು.

ದೊಡ್ಡ ಕಂಪನಿಯ ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕ ಬಳಸುವ ಅವರ ಕಂಪ್ಯೂಟರುಗಳು ಇದ್ದರೆ ಇದೆಲ್ಲ ಯಾಕೆ ಎನ್ನುವವರಿಗೆ ಯೂನಿಸೂಪರ್ ಕತೆ ಹೇಳುತ್ತೇನೆ. ಐದು ಲಕ್ಷಕ್ಕೂ ಹೆಚ್ಚು ಸದಸ್ಯರಿರುವ ಆಸ್ಟ್ರೇಲಿಯಾದ ಪಿಂಚಣಿ ನಿಧಿ ಅದು. 2024ರ ಮೇ ತಿಂಗಳಲ್ಲಿ ಗೂಗಲ್ ಕ್ಲೌಡ್ ಕಡೆಯ ತಪ್ಪಿನಿಂದ ಅವರ ಕ್ಲೌಡ್ ವ್ಯವಸ್ಥೆಯೇ ಅಳಿಸಿಹೋಯಿತು. ಮರಳಿ ನಿಲ್ಲಲು ಅವರಿಗೆ ನೆರವಾದದ್ದರಲ್ಲಿ ಬೇರೊಂದು ಕಂಪನಿಯ ಬಳಿ ಇಟ್ಟಿದ್ದ ಬ್ಯಾಕಪ್ ಕೂಡ ಒಂದು.

ಬ್ಯಾಕಪ್ ಇದ್ದೂ ಕೆಲಸಕ್ಕೆ ಬಾರದಿರುವುದು ಇನ್ನೊಂದು ಬಗೆಯ ಕಷ್ಟ. ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಕಂಪನಿಯಲ್ಲಿ 2017ರ ಜನವರಿ 31ರಂದು ಎಂಜಿನಿಯರ್ ಒಬ್ಬರು ಕೈತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ಹಲವು ವಿಧದ ಬ್ಯಾಕಪ್‌ಗಳಿದ್ದರೂ ಬೇಕಾದಾಗ ಅವು ಕೈಕೊಟ್ಟವು. ನಿತ್ಯದ ಬ್ಯಾಕಪ್ ಸದ್ದಿಲ್ಲದೆ ವಿಫಲವಾಗುತ್ತಿತ್ತು, ಅದನ್ನು ತಿಳಿಸಬೇಕಿದ್ದ ಇಮೇಲ್‌ಗಳು ಯಾರಿಗೂ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿದ್ದ ಒಂದು ಪ್ರತಿ ಅವರನ್ನು ಕಾಪಾಡಿತು. ಎಂಜಿನಿಯರುಗಳೇ ತುಂಬಿರುವ ಕಂಪನಿಯ ಪಾಡು ಇದು. ನಮ್ಮ ಅಂಗಡಿಗಳಲ್ಲಿ “ಆಟೋಮ್ಯಾಟಿಕ್ ಆಗುತ್ತದೆ ಸಾರ್” ಎಂದು ಹೇಳಿ ಹೋದವರ ಮಾತನ್ನು ಪರೀಕ್ಷಿಸಿದವರು ಯಾರು?

ಕಾನೂನಿನದೂ ಎರಡು ಮಾತು. ಜಿಎಸ್‌ಟಿ ಲೆಕ್ಕವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಉಳಿಸಿಕೊಳ್ಳಬೇಕು. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ, ಕಂಪನಿ ಲೆಕ್ಕಪತ್ರ ನಿಯಮಗಳ 2022ರ ತಿದ್ದುಪಡಿಯಂತೆ, ವಿದ್ಯುನ್ಮಾನ ಲೆಕ್ಕದ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ದಿನವೂ ಆಗಬೇಕು. ಕ್ಲೌಡ್ ಮಾರಲು ಬಂದವರನ್ನು ಸರ್ವರ್ ಎಲ್ಲಿದೆ ಎಂದು ಕೇಳಿ; ತಡವರಿಸಿದರೆ ಚಹಾ ಕುಡಿಸಿ ಕಳಿಸಿ.

ಟ್ಯಾಲಿ ಲೆಕ್ಕಕ್ಕೆ ಗುಪ್ತಪದದ ಬೀಗವಾದ ಟ್ಯಾಲಿವಾಲ್ಟ್ ಹಾಕಿಕೊಂಡವರಿಗೆ ಒಂದು ಎಚ್ಚರಿಕೆ: ಆ ಗುಪ್ತಪದ ಮರೆತರೆ ಬ್ಯಾಕಪ್ ಎಷ್ಟಿದ್ದರೂ ತೆರೆಯಲಾಗದು. ಅದನ್ನು ಕಾಗದದಲ್ಲಿ ಬರೆದು ಮನೆಯ ತಿಜೋರಿಯಲ್ಲಿಡಿ, ಮನೆಯಲ್ಲಿ ಇನ್ನೊಬ್ಬರಿಗೆ ತಿಳಿದಿರಲಿ.

ಇಷ್ಟಾದ ಮೇಲೆ ಕಂಪನಿ, ದರದ ವಿಚಾರ. ಯಾರಿಂದಲಾದರೂ ಕೊಳ್ಳಿ, ಆದರೆ ಹಣ ಕೊಡುವ ಮುನ್ನ ನಿನ್ನೆ ಸಂಜೆಯ ಬ್ಯಾಕಪ್ಪನ್ನು ನಿಮ್ಮೆದುರೇ ಬೇರೆ ಲ್ಯಾಪ್‌ಟಾಪಿನಲ್ಲಿ ರಿಸ್ಟೋರ್ ಮಾಡಿಸಿ, ಅಂದರೆ ನಕಲಿನಿಂದ ಲೆಕ್ಕವನ್ನು ಮರಳಿ ತೆರೆಸಿ. ನಾಲ್ಕೈದು ರೈತರ ಖಾತೆ ತೆರೆದು ಬಾಕಿ ತಾಳೆ ನೋಡಿ, ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ. ಇದೇ ಪರೀಕ್ಷೆಯನ್ನು ಮೂರು ತಿಂಗಳಿಗೊಮ್ಮೆ ಮಾಡಿಕೊಡುವುದಾಗಿ ಕರಾರಿನಲ್ಲಿ ಬರೆಸಿಕೊಳ್ಳಿ.